ಅಡುಗೆಮನೆ ಪಕ್ಕದ ಬೀಜದ ಕೋಣೆ

ಶ್ರೀನಿವಾಸಪುರದ ಮಾವಿನ ತೋಪುಗಳನ್ನು ದಾಟಿ ಮುಳಬಾಗಿಲು ಕಡೆಗೆ ಹೊರಟರೆ ದಾರಿಯುದ್ದಕ್ಕೂ ಟೊಮೆಟೊ, ಹನಿ ನೀರಾವರಿಯ ಪೈಪು. ರಾಗಿ ಕಣ್ಣಿಗೆ ಬಿದ್ದದ್ದು ನಾವು ಹೊರಟಿದ್ದ ಊರು ಹತ್ತಿರವಾದ ಮೇಲೆ.

ಮೊದಲು ಹೊಲಕ್ಕಿಳಿದೆವು. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು; ಅಂಚಿನಲ್ಲಿ ಹರಳು. ಅಕ್ಕಡಿ ಸಾಲು ಎಂದರೆ ಇದೇ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಮಳೆ ಒಂದು ಬೆಳೆಗೆ ಕೈಕೊಟ್ಟರೂ ಇನ್ನೊಂದಕ್ಕೆ ಒದಗೀತು ಎಂಬ ಲೆಕ್ಕ. ಮುಂದೆ ಹೋಗುತ್ತಿದ್ದ ಹೆಂಗಸು ಅಲ್ಲಲ್ಲಿ ನಿಂತು ತೆನೆಗೆ ಬಟ್ಟೆಚೂರು ಕಟ್ಟುತ್ತಿದ್ದರು. ಬೀಜಕ್ಕೆ ಆರಿಸಿದ ತೆನೆಗಳವು, ಕಟಾವಿಗೆ ಮುಂಚೆ ಬೇರೆಯಾಗಿ ಕೊಯ್ಯುತ್ತಾರೆ. ತೆನೆಯ ದಪ್ಪ ನೋಡಿ ಆರಿಸುತ್ತೀರಾ ಎಂದೆ. “ತೆನೆ ಒಂದೇ ನೋಡಿದ್ರೆ ಆಯ್ತಾ ಸ್ವಾಮಿ? ಹುಲ್ಲೂ ಎತ್ತರ ಬರ್ಬೇಕು. ದನ ಏನ್ ತಿನ್ಬೇಕು?”

ಆಮೇಲೆ ಅವರ ಮನೆ. ಪಡಸಾಲೆ ದಾಟಿದರೆ ಅಡುಗೆಮನೆ, ಅದರ ಮಗ್ಗುಲಿಗೆ ಕತ್ತಲೆ ಕೋಣೆ. ಬೂದಿ ಬೆರೆಸಿದ ಹುರುಳಿ, ಕೆಮ್ಮಣ್ಣು ಕಟ್ಟಿದ ತೊಗರಿ, ಬೇವಿನೆಲೆ ಹಾಸಿದ ಮಡಕೆಗಳು. ಕುಂಬಳ, ಹೀರೆಯ ಬೀಜಗಳನ್ನು ಸಗಣಿಯಲ್ಲಿ ಮೆತ್ತಿ ಗೋಡೆಗೆ ತಟ್ಟಿದ್ದಾರೆ. ರಾಗಿಯಲ್ಲೇ ಬಿಳಿ ರಾಗಿ, ಗುಟ್ಟೆ ರಾಗಿ, ಹುಲ್ಲುಬಿಳಿಯ ಎಂದು ಬೇರೆ ಬೇರೆ ಮಡಕೆ. ಬಿಳಿಯದೊಂದನ್ನು ಬಿಟ್ಟರೆ ಉಳಿದವು ನನಗೆ ಒಂದೇ ಥರ ಕಂಡವು. ಅವರು ಮಾತ್ರ ತಡವರಿಸದೆ ಹೆಸರು ಹೇಳಿದರು. ಕಾಳಿನ ಗುರುತೋ ಮಡಕೆ ಇಟ್ಟ ಜಾಗದ ಗುರುತೋ, ಆ ಅನುಮಾನ ನನಗೆ ಈಗಲೂ ಇದೆ.

ಅವರೆಯ ಮಡಕೆ ಮುಂದೆ ಮಾತು ಬೆಳೆಯಿತು. ಹೊಸ ತಳಿಗಳು ವರ್ಷವಿಡೀ ಕಾಯಿ ಬಿಡುತ್ತವೆ, ಸಂತೆಗೆ ಅನುಕೂಲ. ನಾಟಿ ಅವರೆ ಹಾಗಲ್ಲ. ಹಗಲು ಗಿಡ್ಡವಾಗಿ ಇಬ್ಬನಿ ಬೀಳಬೇಕು, ಆಗಲೇ ಸೊಗಡು. ಹಿತಕಬೇಳೆ ಸಾರಿಗೆ ಸೊಗಡಿಲ್ಲದ ಕಾಳು ಬೇಡ ಎಂದು ಈ ಮನೆಯವರು ಹಟ ಹಿಡಿದದ್ದರಿಂದಲೇ ಆ ಬೀಜ ಇಲ್ಲಿ ಉಳಿದಿದೆ. ಸಂರಕ್ಷಣೆ ಎಂಬ ದೊಡ್ಡ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಪಹಣಿಯಲ್ಲಿ ಗಂಡನ ಹೆಸರು. ಯಾವ ಬೀಜ ಇಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಮಾತ್ರ ಒಲೆಯ ಮುಂದೆ.

ಬಾಗಿಲ ಹಿಂದೆ ನೇತುಹಾಕಿದ ನೋಟುಬುಕ್ಕಿನಲ್ಲಿ ಯಾರಿಗೆ ಎಷ್ಟು ಕೊಟ್ಟದ್ದೆಂಬ ಲೆಕ್ಕವಿದೆ. ದುಡ್ಡಿನ ಸುದ್ದಿ ಇಲ್ಲ. ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ರೈತರಿಗೆ ಕೊಟ್ಟಿದೆ. ನಿಮಗೂ ತುಂಡು ಹೊಲವಿದ್ದರೆ ಮುಂಗಾರಿಗೆ ಮುಂಚೆ ಇಂಥ ಮನೆಯೊಂದನ್ನು ಹುಡುಕಿಕೊಂಡು ಹೋಗಿ ಕೇಳಿ. ಒಂದು ಸೇರು ಒಯ್ದರೆ ಸುಗ್ಗಿಯ ಮೇಲೆ ಎರಡು ಸೇರು ಮರಳಿಸಬೇಕು, ಅದೂ ಕಲ್ಲು-ಜೊಳ್ಳಿಲ್ಲದ್ದು.