ಪಟ್ಟಿ ಎತ್ತಿ ಹೊಳೆಗೆ ಕಟ್ಟೆ ಕಟ್ಟಿದವರು

ಮಳೆಗಾಲದಲ್ಲಿ ಪತ್ರಿಕೆ ಓದುವವರಿಗೆ ಹಿಪ್ಪರಗಿ ಹೊಸ ಹೆಸರಲ್ಲ. ಕೊಯ್ನಾ ಕಡೆ ಮಳೆ ಜೋರಾದರೆ ಸಾಕು, ರಾಜಾಪುರದಿಂದ ಇಷ್ಟು, ಹಿಪ್ಪರಗಿಯಿಂದ ಇಷ್ಟು, ಆಲಮಟ್ಟಿಗೆ ಇಷ್ಟು ಕ್ಯುಸೆಕ್ ಎಂಬ ಲೆಕ್ಕ ದಿನಾ ಅಚ್ಚಾಗುತ್ತದೆ. ಕೃಷ್ಣೆಗೆ ಅಡ್ಡಲಾಗಿ ನಿಂತ 22 ಗೇಟುಗಳ ಈ ಬ್ಯಾರೇಜಿನಲ್ಲಿ ಸುಮಾರು 6 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಜಮಖಂಡಿ, ರಬಕವಿ-ಬನಹಟ್ಟಿ, ಅಥಣಿ ಭಾಗದ ಕಬ್ಬಿನ ಹೊಲಗಳಿಗೆ ಇದೇ ಆಧಾರ. ಯೋಜನೆ ಮಂಜೂರಾದದ್ದು 1970ರ ದಶಕದಲ್ಲಿ. ಗೇಟು ಇಳಿಸಿ ನೀರು ನಿಲ್ಲಿಸುವ ಹೊತ್ತಿಗೆ 2000ನೇ ಇಸವಿ ದಾಟಿತ್ತು.

ಅಲ್ಲಿಯವರೆಗೆ ಹೊಳೆದಂಡೆಯ ರೈತ ಏನು ಮಾಡಬೇಕಿತ್ತು? ಆಗಸ್ಟಿನಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಮಾರ್ಚ್ ಬಂದರೆ ಬರೀ ಉಸುಕು. ಸಾಲ ಮಾಡಿ ಪಂಪ್‌ಸೆಟ್ ಕೂಡಿಸಿ, ಮೈಲುಗಟ್ಟಲೆ ಪೈಪು ಎಳೆದವನ ಕಬ್ಬು ಕಣ್ಣೆದುರೇ ಒಣಗುತ್ತಿತ್ತು. ದನಗಳಿಗೂ ಹೊಳೆಯಲ್ಲಿ ಒರತೆ ತೋಡಬೇಕಾದ ಪರಿಸ್ಥಿತಿ.

ಇದಕ್ಕೆ ಉತ್ತರ ಊರ ಗುಡಿಯಲ್ಲೇ ಇತ್ತು. ಈ ಸೀಮೆಯಲ್ಲಿ ಗುಡಿ ಕಟ್ಟುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಹಿರಿಯರು ಕೂತು ಪಟ್ಟಿ ಎತ್ತುತ್ತಾರೆ. ದುಡ್ಡಿದ್ದವರು ದುಡ್ಡು, ಜೋಳ ಇದ್ದವರು ಜೋಳ, ಟ್ರ್ಯಾಕ್ಟರ್ ಇದ್ದವರು ನಾಲ್ಕು ಟ್ರಿಪ್ ಉಸುಕು. ಏನೂ ಇಲ್ಲದವರು ಬುಟ್ಟಿ ಹೊರುತ್ತಾರೆ. ಸಾಲಿ ಬಿಟ್ಟ ಮೇಲೆ ಹುಡುಗರು ಸಾಲಾಗಿ ನಿಂತು ಇಟ್ಟಂಗಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹೆಣ್ಣುಮಕ್ಕಳು ರೊಟ್ಟಿಗಂಟು ಬಿಚ್ಚುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದು ಕಲ್ಲಿನ ಮೇಲೆ ಕೆತ್ತಿಸುವ ಮೊದಲೇ ಊರಿಗೆಲ್ಲ ಬಾಯಿಪಾಠ. ಪಟ್ಟಿ ಕೊಡದವನ ಹೆಸರಂತೂ ಇನ್ನೂ ಚೆನ್ನಾಗಿ ನೆನಪಿರುತ್ತದೆ.

ಹಿಪ್ಪರಗಿಯಿಂದ ಹೊಳೆಗುಂಟ ಕೆಳಗಿಳಿದರೆ ಸಿಗುವ ಚಿಕ್ಕಪಡಸಲಗಿಯಲ್ಲಿ ಇದೇ ಪದ್ಧತಿ ಗುಡಿ ಬಿಟ್ಟು ಹೊಳೆಗೆ ಇಳಿಯಿತು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡರು, ಸರ್ಕಾರದ ದುಡ್ಡಿಗೆ ಕಾಯದೆ ವಂತಿಗೆ ಕೂಡಿಸಿದರು, ಶ್ರಮದಾನಕ್ಕೆ ಇಳಿದರು. 1989ರಲ್ಲಿ ಎದ್ದು ನಿಂತ ಆ ಬ್ಯಾರೇಜೇ ಶ್ರಮಬಿಂದು ಸಾಗರ. ರೈತರೇ ಕಟ್ಟಿದ ದೇಶದ ಮೊದಲ ಖಾಸಗಿ ಬ್ಯಾರೇಜ್ ಎಂಬ ಹೆಸರು ಅದಕ್ಕೆ ಬಂತು. ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. ಕಟ್ಟೆಯ ಋಣವನ್ನು ಜನ ಬೇಗನೇ ತೀರಿಸಿದರು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತಿದ್ದ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನು ಈ ರೈತ ಮುಖಂಡ ಸೋಲಿಸಿದರು, ಪಿ.ವಿ. ನರಸಿಂಹರಾವ್ ಸಂಪುಟದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರೂ ಆದರು. ಜಮಖಂಡಿಯಿಂದ ಎರಡನೇ ಬಾರಿ ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಗಳಲ್ಲಿ, 2018ರ ಮೇ 28ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಕಟ್ಟುವುದು ಒಂದು ಸಲದ ಕೆಲಸ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು. ಬೇಸಿಗೆಯಲ್ಲಿ ಮೇಲಿನಿಂದ ನೀರು ಬಾರದಿದ್ದರೆ ರೈತರು ಕೆಳಗಿನ ನೀರನ್ನೇ ಮೇಲಕ್ಕೆ ಎತ್ತುತ್ತಾರೆ. ಆಲಮಟ್ಟಿಯ ಹಿನ್ನೀರು ಕಟ್ಟೆಯ ಕೆಳಮಗ್ಗುಲಲ್ಲಿ ನಿಂತಿರುತ್ತದೆ. ಅಲ್ಲಿ ಸಾಲಾಗಿ ಪಂಪು ಕೂಡಿಸಿ, ಆ ನೀರನ್ನು ಕಟ್ಟೆ ದಾಟಿಸಿ ಮೇಲ್ಭಾಗಕ್ಕೆ ಸುರಿಯುತ್ತಾರೆ. ಹೊಳೆ ಹಿಂದಕ್ಕೆ ಹರಿದಂತೆ! ಅದರ ಖರ್ಚಿಗೂ ಪಟ್ಟಿಯೇ. ಗುಡಿಗಾದರೆ ಕಳಸ ಏರಿಸಿದ ಮೇಲೆ ಪಟ್ಟಿ ಮುಗಿಯಿತು. ಇಲ್ಲಿ ಹಾಗಲ್ಲ, ಮಳೆ ಕೈಕೊಟ್ಟಾಗಲೆಲ್ಲ ಮತ್ತೆ ಲೆಕ್ಕದ ಪುಸ್ತಕ ತೆಗೆಯಬೇಕು.

ನೋಡಬೇಕೆನ್ನುವವರು ಜಮಖಂಡಿಯಿಂದ ವಿಜಯಪುರ ರಸ್ತೆ ಹಿಡಿಯಬೇಕು. ಕೃಷ್ಣೆ ಎದುರಾಗುವುದೇ ಚಿಕ್ಕಪಡಸಲಗಿಯಲ್ಲಿ. ಮಳೆಗಾಲಕ್ಕಿಂತ ದೀಪಾವಳಿಯ ನಂತರ ಹೋಗುವುದು ವಾಸಿ, ಆಗ ನೀರು ತಿಳಿಯಾಗಿರುತ್ತದೆ, ದಂಡೆಗೆ ಇಳಿಯಲೂ ಬರುತ್ತದೆ. ತಡ ಮಾಡದಿರುವುದೂ ಒಳ್ಳೆಯದು. ಕೃಷ್ಣೆಯ ನೀರು ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದೆ. ಹಿಪ್ಪರಗಿ ಬ್ಯಾರೇಜಿನ ಪೂರ್ಣಮಟ್ಟವೇ 524.87 ಮೀಟರ್. ಆಲಮಟ್ಟಿ ಅಷ್ಟು ತುಂಬಿದ ದಿನ, ಎರಡರ ನಡುವೆ ಇರುವ ರೈತರ ಕಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ನೀರು ನಿಂತಿರುತ್ತದೆ. ಎತ್ತಿ ಸುರಿಯುವ ಪಂಪಿಗೆ ಕೆಲಸವಿರುವುದಿಲ್ಲ.