ಲಂಗರು ಹಾಕಿ ದಡಕ್ಕೆ ಹೋಗುವ ಮುನ್ನ

ರಜೆಯ ದಿನ ಕ್ರೋಂಪೇಟೆಯಿಂದ ರೈಲು ಹತ್ತಿ ಮರೀನಾ ತೀರಕ್ಕೆ ಹೋದವರು, ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳನ್ನು ನೋಡಿಯೇ ಇರುತ್ತಾರೆ. ಲಂಗರಿನ ಭಾರವೇ ಅವನ್ನು ನಿಲ್ಲಿಸಿದೆಯೆಂದು ಅನೇಕರ ಎಣಿಕೆ. ಭಾರವೊಂದರಿಂದಲೇ ಆಗುವ ಕೆಲಸವಲ್ಲ ಅದು.

ಸಣ್ಣ ದೋಣಿಯ ಲಂಗರು ಕೊಕ್ಕೆಯಂತೆ ತಳದ ಮರಳನ್ನೋ ಕೆಸರನ್ನೋ ಕಚ್ಚುತ್ತದೆ. ಹಗ್ಗ ಓರೆಯಾಗಿ ಎಳೆದರೆ ಹಿಡಿತ ಬಿಗಿಯಾಗುತ್ತದೆ, ನೆಟ್ಟಗೆ ಮೇಲಕ್ಕೆಳೆದರೆ ಕಿತ್ತುಬರುತ್ತದೆ. ಆದುದರಿಂದ ಹಗ್ಗ ಉದ್ದವಾಗಿರಬೇಕು. ನೀರಿನ ಆಳ 4 ಮೀಟರು, ನೀರಿನ ಮೇಲೆ ದೋಣಿಯ ಮೂತಿ 1 ಮೀಟರು ಎನ್ನಿ, ಒಟ್ಟು 5. ಇದರ ಐದರಿಂದ ಏಳು ಪಟ್ಟು, ಎಂದರೆ 25ರಿಂದ 35 ಮೀಟರು ಹಗ್ಗ ಬಿಡಬೇಕು. ಭರತದಲ್ಲಿ ನೀರು 1 ಮೀಟರು ಏರಿದರೆ ಲೆಕ್ಕ 30ರಿಂದ 42ಕ್ಕೆ ಹೋಯಿತು! ಇಳಿತದಲ್ಲಿ ಅಳೆದು, ಅಷ್ಟೇ ಹಗ್ಗ ಬಿಟ್ಟು ಊಟಕ್ಕೆ ಹೋದವನ ದೋಣಿ ತೇಲಿಹೋಗುವುದು ಹೀಗೆಯೇ. ಉದ್ದ ಹಗ್ಗದ ದೋಣಿ ಗಾಳಿ ತಿರುಗಿದಾಗ ದೊಡ್ಡ ಸುತ್ತು ಹೊಡೆಯುತ್ತದೆ. ಆ ಸುತ್ತಿನೊಳಗೆ ಬಂಡೆಯಾಗಲಿ ಬೇರೆ ದೋಣಿಯಾಗಲಿ ಇರಬಾರದು. ಮಲ್ಪೆ, ಗಂಗೊಳ್ಳಿ ಕಡೆಯ ವಾಚಕರಿಗೆ ಇದನ್ನು ಹೇಳಬೇಕಾಗಿಲ್ಲ. ಅಳಿವೆಯಲ್ಲಿ ನೀರಿನ ಸೆಳೆತವೇ ದಿಕ್ಕು ಬದಲಿಸಿ, ಕಚ್ಚಿದ ಲಂಗರನ್ನು ಹಿಮ್ಮುಖವಾಗಿ ಎಳೆಯುತ್ತದೆ.

ಲಂಗರು ಬಿಟ್ಟೊಡನೆ ದಡಕ್ಕೆ ಹೊರಡಬಾರದು. ದಡದ ಒಂದು ತೆಂಗಿನ ಮರವೂ ಅದರ ಹಿಂದಿನ ಒಂದು ಗೋಪುರವೂ ನೇರವಾಗಿ ಕಾಣುವುದನ್ನು ಗುರುತಿಟ್ಟುಕೊಳ್ಳಬೇಕು. ಇನ್ನೊಂದು ದಿಕ್ಕಿನಲ್ಲೂ ಇಂಥದೇ ಜೋಡಿ ಹಿಡಿಯಬೇಕು. ಅರ್ಧ ಗಂಟೆ ಕಾದು ನೋಡಿದಾಗ ಎರಡು ಜೋಡಿಯೂ ಬಹಳ ಸರಿದಿದ್ದರೆ ಲಂಗರು ಜಾರುತ್ತಿದೆಯೆಂದು ತಿಳಿಯತಕ್ಕದ್ದು. ಕತ್ತಲಾಗುವುದರೊಳಗೆ ಮರಳುವ ಭರವಸೆ ಇಲ್ಲದಿದ್ದರೆ, ಸುತ್ತಲಿಗೂ ಕಾಣುವ ಬಿಳಿ ದೀಪ ಹಚ್ಚಿಟ್ಟು ಹೋಗಬೇಕು.

ಇಷ್ಟೆಲ್ಲ ಮಾಡಿದರೂ ಬಿರುಗಾಳಿಗೆ ಇದು ಉತ್ತರವಲ್ಲ. ಹಿಂದೆ ಮದರಾಸಿಗೆ ಬಂದರೇ ಇರಲಿಲ್ಲ. ಹಡಗುಗಳು ತೆರೆದ ಕಡಲಲ್ಲೇ ಲಂಗರು ಹಾಕುತ್ತಿದ್ದವು; ಜನರೂ ಸರಕೂ ಮಸೂಲಾ ದೋಣಿಗಳಲ್ಲಿ ಅಲೆ ದಾಟಿ ಬರಬೇಕಾಗಿತ್ತು. 1746ರಲ್ಲಿ ಊರನ್ನು ಗೆದ್ದ ಫ್ರೆಂಚ್ ನಾಯಕ ಲಾ ಬೂರ್ದೊನೆ ದಡದಲ್ಲಿದ್ದಾಗ, ಅಕ್ಟೋಬರಿನ ಒಂದು ರಾತ್ರಿ ಬಿರುಗಾಳಿ ಎದ್ದು ಅವನ ಹಡಗುಗಳಲ್ಲಿ ಕೆಲವು ಮುಳುಗಿದವು. ಸಾವಿರಕ್ಕೂ ಮೇಲ್ಪಟ್ಟು ನಾವಿಕರು ಸತ್ತರು. ಹಡಗಿನಲ್ಲಿ ಜನರಿದ್ದೂ ಆದ ಗತಿ ಇದು. ಮೊನ್ನೆ ಮೊನ್ನೆ, 2012ರ ಅಕ್ಟೋಬರ್ 31ರಂದು, ನೀಲಂ ಚಂಡಮಾರುತದಲ್ಲಿ ‘ಪ್ರತಿಭಾ ಕಾವೇರಿ’ ಎಂಬ ತೈಲ ಹಡಗು ಲಂಗರು ಸಹಿತ ಜಾರಿ ಬೆಸೆಂಟ್ ನಗರದ ಬಳಿ ಮರಳಿಗೆ ಬಂದು ಕೂತಿತು. ಜೀವರಕ್ಷಕ ದೋಣಿ ಹತ್ತಿದ ಕೆಲವರು ಅದು ಮಗುಚಿ ತೀರಿಕೊಂಡರು.

ಮದರಾಸಿನ ಬೆಸ್ತರು ಕಂಡುಕೊಂಡ ದಾರಿ ಬೇರೆ. ಕಟ್ಟುಮರದಿಂದ ಬಂದವರು ಅದರ ಹಗ್ಗ ಬಿಚ್ಚಿ ದಿಮ್ಮಿಗಳನ್ನು ದಡದಲ್ಲಿ ಒಣಗಲು ಹಾಕುತ್ತಿದ್ದರು. ಈಗಿನ ಫೈಬರ್ ದೋಣಿಗಳನ್ನೂ ತೀರದ ಕುಪ್ಪಗಳಲ್ಲಿ ಮರಳಿನ ಮೇಲಕ್ಕೆ ಎಳೆದಿಟ್ಟೇ ಮನೆಗೆ ಹೋಗುತ್ತಾರೆ.