ದೈಹಿಕ ಶಿಕ್ಷಣ ಅವಧಿ: ಹದಿಹರೆಯದವರ ಆಸಕ್ತಿ ಮತ್ತು ಪಂಚಾಯತಿಯ ಪಾತ್ರ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಅದೇ ಸಂಸ್ಥೆಯ 2016ರ ಅಂದಾಜಿನಂತೆ, ಜಗತ್ತಿನಲ್ಲಿ 11ರಿಂದ 17 ವರ್ಷದ ಶಾಲಾ ಮಕ್ಕಳ ಪೈಕಿ ಶೇ. 81ರಷ್ಟು ಮಂದಿ ಈ ಪ್ರಮಾಣವನ್ನು ತಲುಪಿರಲಿಲ್ಲ. ಬಾಲಕಿಯರಲ್ಲಿ ಇದು ಶೇ. 85ರಷ್ಟಿತ್ತು. ಆಟದ ಅವಧಿಯಲ್ಲಿ ಪಕ್ಕಕ್ಕೆ ಕುಳಿತ ಮಕ್ಕಳನ್ನು ಸೋಮಾರಿಗಳೆಂದು ಭಾವಿಸುವ ಮುನ್ನ ಅದರ ಕಾರಣಗಳನ್ನು ಅರಿಯುವುದು ಅಗತ್ಯ.

ಮಕ್ಕಳನ್ನು ಪ್ರೇರೇಪಿಸುವ ಅಂಶಗಳು

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದಂತೆ, ಒಳಗಿನಿಂದ ಮೂಡುವ ಆಸಕ್ತಿಗೆ ಮೂರು ಅಗತ್ಯಗಳು ಈಡೇರಬೇಕು.

1. ಸ್ವಂತ ಆಯ್ಕೆ: ಕಬಡ್ಡಿಯೋ, ಥ್ರೋಬಾಲೋ, ಯೋಗವೋ ಎಂಬುದನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಮಕ್ಕಳು ತಾವಾಗಿಯೇ ಮುಂದೆ ಬರುತ್ತಾರೆ.

2. ಸಾಮರ್ಥ್ಯದ ಅರಿವು: ಕಳೆದ ತಿಂಗಳಿಗಿಂತ ತಾನು ಉತ್ತಮಗೊಂಡಿದ್ದೇನೆ ಎಂಬ ಭಾವನೆ ಉತ್ಸಾಹವನ್ನು ಬೆಳೆಸುತ್ತದೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡವನ್ನು ಸಿದ್ಧಪಡಿಸುವುದಷ್ಟೇ ಗುರಿಯಾದಾಗ ಉಳಿದವರು ಪ್ರೇಕ್ಷಕರಾಗುತ್ತಾರೆ.

3. ಆತ್ಮೀಯತೆ: ಶಿಕ್ಷಕರ ಮೆಚ್ಚುಗೆ ಹಾಗೂ ಗೆಳೆಯರ ಒಡನಾಟ ಮುಖ್ಯ. ಎಲ್ಲರೆದುರು ಮೈಕಟ್ಟನ್ನು ಹೀಯಾಳಿಸಿದರೆ, ಓಟವನ್ನೇ ಶಿಕ್ಷೆಯಾಗಿ ವಿಧಿಸಿದರೆ ಮಗು ಮೈದಾನದಿಂದ ದೂರ ಉಳಿಯುತ್ತದೆ.

ಬಾಲಕಿಯರ ಅಡಚಣೆಗಳು

ಬಾಲಕಿಯರ ವಿಷಯದಲ್ಲಿ ಆಸಕ್ತಿಯ ಜೊತೆಗೆ ಸೌಕರ್ಯವೂ ನಿರ್ಣಾಯಕ. ನೀರಿಲ್ಲದ ಶೌಚಾಲಯ, ಬಟ್ಟೆ ಬದಲಿಸಲು ಕೋಣೆಯ ಕೊರತೆ, ದಾರಿಹೋಕರ ದೃಷ್ಟಿಗೆ ತೆರೆದುಕೊಂಡ ಮೈದಾನ, ಮುಟ್ಟಿನ ದಿನಗಳ ಮುಜುಗರ ಅವರನ್ನು ಹಿಂದಕ್ಕೆಳೆಯುತ್ತವೆ. ‘ದೊಡ್ಡವಳಾದಳು, ಇನ್ನು ಆಟವೇಕೆ?’ ಎಂಬ ಮನೆಯವರ ಮಾತೂ ಇದಕ್ಕೆ ಸೇರುತ್ತದೆ. ಹೀಗೆ ಎಂಟನೆಯ ತರಗತಿಯಲ್ಲಿ ಆಟ ಬಿಟ್ಟ ಬಾಲಕಿ ಮತ್ತೆ ಮೈದಾನಕ್ಕೆ ಮರಳುವುದು ಕಷ್ಟ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಬೋಧನೆ ಶಿಕ್ಷಕರ ಹೊಣೆ. ಅದಕ್ಕೆ ಪೂರಕವಾದ ವಾತಾವರಣವನ್ನು ರೂಪಿಸುವಲ್ಲಿ ಪಂಚಾಯತಿಯ ಪಾತ್ರ ದೊಡ್ಡದು.

• ಶಾಲೆಗೆ ಭೇಟಿ ನೀಡಿದಾಗ ಗೆದ್ದ ಪದಕಗಳನ್ನಷ್ಟೇ ವಿಚಾರಿಸದೆ, ಆಟದ ಅವಧಿಯಲ್ಲಿ ಎಷ್ಟು ಮಕ್ಕಳು ಆಡುತ್ತಾರೆ, ಅವರಲ್ಲಿ ಬಾಲಕಿಯರೆಷ್ಟು ಎಂದು ಕೇಳುವುದು.

• ಮೈದಾನದ ಒತ್ತುವರಿ ತಡೆ, ಆವರಣ ಗೋಡೆ, ಕುಡಿಯುವ ನೀರು ಹಾಗೂ ಶೌಚಾಲಯದ ದುರಸ್ತಿಯನ್ನು ಕ್ರಿಯಾಯೋಜನೆಯಲ್ಲಿ ಪರಿಗಣಿಸುವುದು.

• ಮಕ್ಕಳ ಗ್ರಾಮ ಸಭೆಯಲ್ಲಿ ಆಟದ ವಿಷಯವನ್ನೂ ಚರ್ಚೆಗೆ ತರುವುದು. ಬಾಲಕಿಯರು ಮುಜುಗರವಿಲ್ಲದೆ ಮಾತನಾಡಲು ಮಹಿಳಾ ಸದಸ್ಯರು ಅವರೊಂದಿಗೆ ಪ್ರತ್ಯೇಕವಾಗಿ ಸಮಾಲೋಚಿಸುವುದು.

• ಪೋಷಕರ ಸಭೆಯಲ್ಲಿ, ಆಟವು ಓದಿಗೆ ಅಡ್ಡಿಯೆಂಬ ಭಾವನೆಯನ್ನು ಹೋಗಲಾಡಿಸಲು ಪ್ರಯತ್ನಿಸುವುದು.

ಮಕ್ಕಳು ತಿಳಿಸಿದ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಅವರಿಗೇ ತಿಳಿಸುವುದು ಸೂಕ್ತ. ತಮ್ಮ ಮಾತಿಗೆ ಬೆಲೆಯಿದೆಯೆಂದು ಕಂಡ ಮಕ್ಕಳು ಮೈದಾನವನ್ನು ತಮ್ಮದೆಂದು ಬಳಸುತ್ತಾರೆ.